ಎನಿಡ್ ಬ್ಲೈಟನ್ ಪುಸ್ತಕ ಮಗಳಿಗೆ ಕೊಡಬೇಕಾ, ಎತ್ತಿಡಬೇಕಾ?

ಕಾಫಿಪುಡಿ

ನಮಸ್ಕಾರ ಎಲ್ಲರಿಗೂ. ಹೋದ ಭಾನುವಾರ ಚರ್ಚ್ ಸ್ಟ್ರೀಟ್ ಕಡೆ ಹೋದಾಗ ಮಗಳಿಗೆ ಇಂಗ್ಲೆಂಡಿನ ಮಕ್ಕಳ ಕತೆಗಾರ್ತಿ ಎನಿಡ್ ಬ್ಲೈಟನ್ ಪುಸ್ತಕ ತಂದೆ. ಸೆಕೆಂಡ್ ಹ್ಯಾಂಡ್, ಒಟ್ಟು ಏಳು. ಆರು ಫೇಮಸ್ ಫೈವ್ (ನಾಲ್ಕು ಮಕ್ಕಳು, ಟಿಮ್ಮಿ ಅನ್ನುವ ನಾಯಿ ಸೇರಿ ಮಾಡುವ ಸಾಹಸದ ಕತೆಗಳು), ಒಂದು ಮ್ಯಾಲರಿ ಟವರ್ಸ್ (ಹುಡುಗಿಯರ ಬೋರ್ಡಿಂಗ್ ಶಾಲೆಯ ಕತೆ). ಅವಳಿಗೆ ಒಂಬತ್ತು ವರ್ಷ. ಪುಸ್ತಕ ಅಂದರೆ ಮುಖ ತಿರುಗಿಸುತ್ತಿದ್ದವಳು ಮೊದಲನೇದನ್ನ ಎರಡೇ ದಿನಕ್ಕೆ ಮುಗಿಸಿದಳು. ಊಟಕ್ಕೆ ಕರೆದರೆ "ತಾಳಮ್ಮ, ಅವರಿನ್ನೂ ದ್ವೀಪದಲ್ಲೇ ಇದ್ದಾರೆ" ಅನ್ನುತ್ತಾಳೆ.

ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ಪುಸ್ತಕದ ಸಾಲು ನೋಡಿ, "ಇದನ್ನೆಲ್ಲ ಯಾಕೆ ಕೊಡ್ತೀಯಾ? ಆಯಮ್ಮ ಕರಿಯರನ್ನ ಕೀಳಾಗಿ ಬರೆದವಳು. ಹೆತ್ತ ಮಕ್ಕಳನ್ನೇ ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂದುಬಿಟ್ಟರು. ನಾನು ಚಿಕ್ಕವಳಿದ್ದಾಗ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೊಂದು ತಂದು ಓದಿದವಳು. ಬರೆದವರು ಎಂಥವರು ಅಂತ ಯೋಚಿಸಿಯೇ ಇರಲಿಲ್ಲ. ಕವರಿನ ಮೇಲೆ ಆ ಉರುಟು ಸಹಿ, ಕೆಳಗೆ ಎರಡು ಗೆರೆ. ಅಷ್ಟೇ ಗೊತ್ತು. ತಿಳಿದವರು ಇದ್ದರೆ ಹೇಳಿ, ಎತ್ತಿಡಬೇಕಾ?

ಹಳೇ ರಟ್ಟು

ಎತ್ತಿಡಬೇಡಿ ಮೇಡಂ. ನಿಮ್ಮ ನೆಂಟರು ಹೇಳಿದ ಎರಡೂ ಮಾತಿನಲ್ಲಿ ನಿಜ ಇದೆ. ಆದರೂ ಎತ್ತಿಡಬೇಡಿ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಕೆ ಹುಟ್ಟಿದ್ದು 1897ರ ಆಗಸ್ಟ್ 11ರಂದು, ಲಂಡನ್ನಿನ ಈಸ್ಟ್ ಡಲ್ವಿಚ್‌ನಲ್ಲಿ. ಅಪ್ಪ ಥಾಮಸ್ ಚಾಕು, ಚಮಚ ಮಾರುವ ಸೇಲ್ಸ್‌ಮನ್. ಮಗಳನ್ನ ಜೊತೆಗೆ ಸುತ್ತಾಡಿಸಿ ಹೂವು, ಹಕ್ಕಿ, ಹುಳದ ಹೆಸರು ಹೇಳಿಕೊಟ್ಟವನು ಅವನೇ. ಅಮ್ಮನಿಗೆ ಇದೆಲ್ಲ ಅಷ್ಟಕ್ಕಷ್ಟೇ. ಹೆಣ್ಣುಹುಡುಗಿ ಮನೆಗೆಲಸ ಕಲಿಯಲಿ ಅನ್ನುವವಳು. ಎನಿಡ್‌ಗೆ ಹದಿಮೂರರ ಆಸುಪಾಸಿನಲ್ಲಿ ಅಪ್ಪ ಇನ್ನೊಬ್ಬ ಹೆಂಗಸಿನ ಜೊತೆ ಮನೆ ಬಿಟ್ಟು ಹೋದ. ಅಮ್ಮ ಏನು ಮಾಡಿದಳು ಗೊತ್ತಾ? ಅಕ್ಕಪಕ್ಕದವರು ಕೇಳಿದರೆ "ಅಪ್ಪ ಊರಿಗೆ ಹೋಗಿದ್ದಾರೆ" ಅನ್ನಿ ಅಂತ ಮಕ್ಕಳಿಗೆ ಹೇಳಿಕೊಟ್ಟಳು. ಇದೊಂದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಗಳು ಪಿಯಾನೋ ವಾದಕಿ ಆಗಲಿ ಅಂತ ಮನೆಯವರ ಆಸೆ. ಆಕೆ 1916ರಲ್ಲಿ ಅದಕ್ಕೆ ಕೈಮುಗಿದು, ಇಪ್ಸ್‌ವಿಚ್‌ಗೆ ಹೋಗಿ ಟೀಚರ್ ಟ್ರೇನಿಂಗ್ ಸೇರಿದರು. ಆಮೇಲೆ ಸರ್ಬಿಟನ್‌ನ ಒಂದು ಮನೆಯಲ್ಲಿ ನಾಲ್ಕು ಹುಡುಗರಿಗೆ ಪಾಠ ಹೇಳುತ್ತಾ ಬಿಡುವಿನಲ್ಲಿ ಬರೆಯುತ್ತಿದ್ದರು. 1922ರಲ್ಲಿ ಮೊದಲ ಪುಸ್ತಕ ಬಂತು, 24 ಪುಟದ ಪದ್ಯಗಳು. 1924ರಲ್ಲಿ ಹ್ಯೂ ಪೊಲಾಕ್ ಜೊತೆ ಮದುವೆ. ಆತ ಜಾರ್ಜ್ ನ್ಯೂನ್ಸ್ ಪ್ರಕಾಶನದಲ್ಲಿ ಸಂಪಾದಕ. ಅಲ್ಲಿಂದ ಮುಂದೆ ಟೈಪ್‌ರೈಟರ್ ನಿಂತಿದ್ದೇ ಕಡಿಮೆ. ಒಂದೊಂದು ದಿನ 10 ಸಾವಿರ ಪದದವರೆಗೂ ಬರೆಯುತ್ತಿದ್ದರು. ಒಟ್ಟು 700ಕ್ಕೂ ಜಾಸ್ತಿ ಪುಸ್ತಕ. ಇಷ್ಟನ್ನ ಒಬ್ಬಳೇ ಬರೆಯಕ್ಕಾಗಲ್ಲ, ಸಂಬಳ ಕೊಟ್ಟು ಬೇರೆಯವರ ಕೈಲಿ ಬರೆಸ್ತಾಳೆ ಅಂತ ಗುಸುಗುಸು ಎದ್ದಿತ್ತು. 1955ರಲ್ಲಿ ದಕ್ಷಿಣ ಆಫ್ರಿಕಾದ ಲೈಬ್ರರಿಯನ್ ಒಬ್ಬರು ಹಾಗೆ ಹೇಳಿದ್ದು ಕಿವಿಗೆ ಬಿತ್ತು. ಕೇಸ್ ಹಾಕಿ, ಕೋರ್ಟಿನಲ್ಲೇ ಕ್ಷಮೆ ಕೇಳಿಸಿದರು.

ಬರೆಯುವ ರೀತಿಯೂ ವಿಚಿತ್ರ. ಪೀಟರ್ ಮೆಕೆಲರ್ ಅನ್ನುವ ಮನಶ್ಶಾಸ್ತ್ರಜ್ಞರಿಗೆ 1953ರಲ್ಲಿ ಬರೆದ ಪತ್ರದಲ್ಲಿ ಆಕೆಯೇ ಹೇಳಿದ್ದಾರೆ. ಟೈಪ್‌ರೈಟರನ್ನ ತೊಡೆ ಮೇಲಿಟ್ಟುಕೊಂಡು ಕೆಲವು ನಿಮಿಷ ಕಣ್ಣು ಮುಚ್ಚುವುದು. ಮನಸ್ಸು ಖಾಲಿ ಮಾಡಿಕೊಂಡು ಕಾಯುವುದು. ಪಾತ್ರಗಳು ತಾವಾಗಿಯೇ ಬಂದು ಎದುರಿಗೆ ನಿಲ್ಲುತ್ತವೆ. ಒಳಗೆ ಸಿನಿಮಾ ಓಡುತ್ತದೆ, ನೋಡಿದ್ದನ್ನ ಟೈಪ್ ಮಾಡಿದರೆ ಆಯಿತು. ಪಾತ್ರ ಹೇಳಿದ ಜೋಕಿಗೆ ತಾವೇ ನಕ್ಕು, ನೂರು ವರ್ಷ ಕೂತರೂ ನನಗೆ ಇದು ಹೊಳೀತಿರಲಿಲ್ಲ ಅಂದುಕೊಳ್ಳುತ್ತಿದ್ದರಂತೆ.

ಸಣ್ಣಕ್ಷರ

ರಟ್ಟಣ್ಣ, ಚೆನ್ನಾಗಿ ಬರೆದಿದ್ದೀರಿ. ಆದರೆ ನೆಂಟರ ಮೊದಲನೇ ಮಾತನ್ನ ಮೆಲ್ಲಗೆ ದಾಟಿಕೊಂಡು ಹೋದಿರಿ. ಅದನ್ನ ನಾನು ಹೇಳುತ್ತೇನೆ.

1949ರಲ್ಲಿ ಪುಟ್ಟ ಮಕ್ಕಳಿಗಾಗಿ ಆಕೆ ಬರೆದ ನಾಡಿ (Noddy) ಪುಸ್ತಕಮಾಲೆ ಶುರುವಾಯಿತು. ನಾಡಿ ಅಂದರೆ ಗಂಟೆ ಕಟ್ಟಿದ ನೀಲಿ ಟೋಪಿಯ ಮರದ ಗೊಂಬೆ. ಚಿತ್ರ ಬರೆದದ್ದು ಹಾರ್ಮ್‌ಸೆನ್ ವಾನ್ ಡೆರ್ ಬೇಕ್ ಅನ್ನುವ ಡಚ್ ಕಲಾವಿದ. ನೋಡಕ್ಕೆ ಮುದ್ದು. ಆದರೆ 1951ರ ನಾಡಿ ಪುಸ್ತಕದಲ್ಲಿ ಏನಿದೆ? ಗಾಲಿವಾಗ್‌ಗಳು ರಾತ್ರಿ ಅವನನ್ನ ಕಾಡಿಗೆ ಕರೆದುಕೊಂಡು ಹೋಗಿ, ಬಟ್ಟೆ ಬಿಚ್ಚಿಸಿ, ಕಾರು ಕಿತ್ತುಕೊಂಡು ಓಡುತ್ತವೆ. ಗಾಲಿವಾಗ್ ಅಂದರೆ ಕಪ್ಪು ಮುಖ, ದಪ್ಪ ಕೆಂಪು ತುಟಿ, ಗುಂಗುರು ಕೂದಲಿನ ಬಟ್ಟೆ ಗೊಂಬೆ. ಕರಿಯರನ್ನ ಅಣಕಿಸಿ ಮಾಡಿದ ರೂಪ. 1980ರ ದಶಕದ ಮುದ್ರಣದಲ್ಲಿ ಅವುಗಳ ಜಾಗಕ್ಕೆ ಗಾಬ್ಲಿನ್ ಅನ್ನುವ ತುಂಟ ಕುಳ್ಳ ಭೂತಗಳು ಬಂದವು.

ಇನ್ನೊಂದು ಕತೆ ಇದೆ. ಕಪ್ಪು ಮುಖದ ಗೊಂಬೆಯನ್ನ ಉಳಿದ ಆಟಿಕೆಗಳು ಹತ್ತಿರ ಸೇರಿಸುವುದಿಲ್ಲ. ಮಳೆಗೆ ನೆನೆದು ಬಣ್ಣ ತೊಳೆದುಹೋಗಿ ಮುಖ ಗುಲಾಬಿ ಆದಮೇಲೆ ಎಲ್ಲರೂ ಸೇರಿಸಿಕೊಳ್ಳುತ್ತಾರೆ. ಸುಖಾಂತ್ಯ! ಹುಟ್ಟಿದ ಮಗುವಿಗೆ ಕಡಲೆಹಿಟ್ಟು ತಿಕ್ಕಿ "ಸ್ವಲ್ಪ ಬಣ್ಣ ಬರಲಿ" ಅನ್ನುವ ಮನೆಯಲ್ಲಿ ಬೆಳೆದ ನನಗೆ ಈ ಕತೆ ಓದಿ ಹೊಟ್ಟೆ ತೊಳೆಸಿತು.

ಇನ್ನು "ಆ ಕಾಲ ಹಾಗಿತ್ತು" ಅನ್ನಬೇಡಿ. ಆ ಗೊಂಬೆಯ ಕತೆಯನ್ನ ಗಾರ್ಡಿಯನ್ ಪತ್ರಿಕೆಯಲ್ಲಿ ಟೀಕಿಸಿದ್ದು 1966ರಲ್ಲಿ, ಆಕೆ ಬದುಕಿದ್ದಾಗಲೇ. ಅದಕ್ಕೂ ಮೊದಲು 1960ರಲ್ಲಿ ಮ್ಯಾಕ್‌ಮಿಲನ್ ಪ್ರಕಾಶನ ಆಕೆಯ ಒಂದು ಹಸ್ತಪ್ರತಿಯನ್ನ ವಾಪಸ್ ಕಳಿಸಿತ್ತು. ಕಳ್ಳರು ಪರದೇಶದವರು ಅಂದಮೇಲೆ ಕಳ್ಳತನಕ್ಕೆ ಬೇರೆ ಕಾರಣ ಬೇಕಿಲ್ಲ ಅನ್ನುವ ಧಾಟಿ ಇದೆ ಅಂತ ಅವರ ಆಕ್ಷೇಪ. ಯೋಚಿಸಿ, ಆಗ ಆಕೆಯ ಹೆಸರಿದ್ದರೆ ಸಾಕು, ಪುಸ್ತಕ ಮಾರಿಹೋಗುತ್ತಿತ್ತು. ಆದರೂ ಬೇಡ ಅಂದರು.

ನನಗೆ ಜಾಸ್ತಿ ಚುಚ್ಚುವುದು ಇದು. ಫೇಮಸ್ ಫೈವ್ ಓದುವಾಗ ನಾವೆಲ್ಲ ಅದರ ಹುಡುಗರಾದ ಜೂಲಿಯನ್, ಡಿಕ್ ಆಗಿಬಿಡುತ್ತೇವೆ. ಆದರೆ ಆ ಕತೆಗಳಲ್ಲಿ ಬರುವ ಕಿರಿನ್ ಹಳ್ಳಿಗೆ ನಾವು ನಿಜವಾಗಿ ಹೋಗಿದ್ದರೆ ಆ ಮಕ್ಕಳು ನಮ್ಮನ್ನ ನೋಡಿ ಪೊದೆ ಹಿಂದೆ ಬಚ್ಚಿಟ್ಟುಕೊಂಡು "ಯಾರೋ ಅನುಮಾನದ ಆಸಾಮಿ" ಅನ್ನುತ್ತಿದ್ದರು.

ಶುಂಠಿ ಪೆಪ್ಪರಮೆಂಟು

ಸಣ್ಣಕ್ಷರ ಅವರೇ, ಕೊನೆ ಸಾಲು ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಈ ಗಂಭೀರ ಚರ್ಚೆ ನಡುವೆ ನಾನು ತಿಂಡಿ ವಿಷಯ ತರುತ್ತೇನೆ, ಕ್ಷಮಿಸಿ.

ನಮ್ಮೂರು ಸಾಗರದ ಹತ್ತಿರ. ಏಳನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಚಿಕ್ಕಪ್ಪ ಬೆಂಗಳೂರಿಂದ ರಟ್ಟು ಕಿತ್ತುಹೋದ ಫೇಮಸ್ ಫೈವ್ ಒಂದನ್ನ ತಂದುಕೊಟ್ಟಿದ್ದರು. ಮೊದಲ ಆರು ಪುಟ ಇರಲೇ ಇಲ್ಲ. ಇಂಗ್ಲಿಷ್ ಕನ್ನಡ ನಿಘಂಟು ಪಕ್ಕಕ್ಕಿಟ್ಟುಕೊಂಡು ಅಟ್ಟದ ಮೇಲೆ ಕೂತು ಓದಿದೆ. ಆ ಮಕ್ಕಳು ಎರಡು ಪುಟಕ್ಕೊಮ್ಮೆ ತಿನ್ನುತ್ತಾರೆ, ಅಲ್ವಾ? ಸ್ಕೋನ್ ಅಂದರೆ ಏನು ಅಂತ ನಿಘಂಟಿನಲ್ಲಿರಲಿಲ್ಲ. ರವೆ ಉಂಡೆ ಥರ ಇರಬೇಕು ಅಂದುಕೊಂಡೆ. ಮುಂದೆ ನೋಡಿದರೆ ಸ್ಯಾಂಡ್‌ವಿಚ್ ಒಳಗೆ "ಟಂಗ್" ಇದೆ. ಟಂಗ್ ಅಂದರೆ ನಾಲಗೆ ಅಂತ ನನಗೆ ಗೊತ್ತಿತ್ತು. ಇಂಗ್ಲಿಷರು ನಾಲಗೆ ತಿನ್ನುತ್ತಾರಾ? ಯಾರ ನಾಲಗೆ? ಎರಡು ದಿನ ಪುಸ್ತಕ ಮುಟ್ಟಲಿಲ್ಲ.

ಅಜ್ಜಿಗೆ ಓದಿ ಹೇಳುವಾಗ ಜಿಂಜರ್ ಬಿಯರ್ ಬಂತು. "ಬಿಯರ್ ಕುಡಿಯೋ ಮಕ್ಕಳ ಕತೆ ಓದ್ತೀಯಾ ಮಾಣಿ?" ಅಂತ ಅಜ್ಜಿ ಎದ್ದು ಕೂತಳು. ಅದು ಶುಂಠಿ ಪಾನಕ ಇದ್ದ ಹಾಗೆ ಅಂತ ಚಿಕ್ಕಪ್ಪ ಬಂದು ಹೇಳಿದ ಮೇಲೆ ಕತೆ ಮುಂದುವರಿಯಿತು.

ದೊಡ್ಡವನಾದ ಮೇಲೆ ಒಂದು ವಿಷಯ ತಿಳಿಯಿತು, ಅದು ಇವತ್ತಿಗೂ ತಲೆಯಲ್ಲಿ ಕೊರೆಯುತ್ತದೆ. ಮೊದಲ ಫೇಮಸ್ ಫೈವ್ ಬಂದದ್ದು 1942ರಲ್ಲಿ. ಆಗ ಎರಡನೇ ಮಹಾಯುದ್ಧ. ಬ್ರಿಟನ್‌ನಲ್ಲಿ 1940ರ ಜನವರಿಯಿಂದಲೇ ಬೆಣ್ಣೆ, ಸಕ್ಕರೆ, ಬೇಕನ್ ಎಲ್ಲಕ್ಕೂ ರೇಷನ್ ಪುಸ್ತಕ. ಸಿಹಿತಿಂಡಿಯ ರೇಷನ್ ಮುಗಿದದ್ದು 1953ರಲ್ಲಿ, ಪೂರ್ತಿ ರೇಷನ್ ಮುಗಿದದ್ದು 1954ರ ಜುಲೈನಲ್ಲಿ. ಅಷ್ಟರಲ್ಲಿ ಫೇಮಸ್ ಫೈವ್ ಹತ್ತು ಪುಸ್ತಕ ದಾಟಿತ್ತು. ಅಂದರೆ ಹೊಲದ ಮನೆಯಾಕೆ ಬುಟ್ಟಿ ತುಂಬಾ ಕೊಟ್ಟ ಕೇಕು, ಹ್ಯಾಮ್, ಕ್ರೀಮ್ ಎಲ್ಲ ಓದುತ್ತಿದ್ದ ಇಂಗ್ಲಿಷ್ ಮಕ್ಕಳಿಗೂ ನನ್ನಷ್ಟೇ ದೂರ. ಅವರೂ ಬಾಯಲ್ಲಿ ನೀರೂರಿಸಿಕೊಂಡೇ ಓದಿದ್ದು.

ಇನ್ನೊಂದು. "ಲ್ಯಾಶಿಂಗ್ಸ್ ಆಫ್ ಜಿಂಜರ್ ಬಿಯರ್" ಅನ್ನುವ ಪ್ರಸಿದ್ಧ ಮಾತು ಆಕೆಯದ್ದಲ್ಲ. 1982ರ ಒಂದು ಟಿವಿ ಅಣಕದಿಂದ ಬಂದದ್ದು.

ಸ್ಲೌ ಕನ್ನಡಿಗ

ನಾನು ಇರುವುದು ಇಂಗ್ಲೆಂಡಿನ ಸ್ಲೌನಲ್ಲಿ. ಬ್ಲೈಟನ್ 1938ರಿಂದ ಇದ್ದ ಬೀಕನ್ಸ್‌ಫೀಲ್ಡ್ ಇಲ್ಲಿಗೆ ಹತ್ತಿರ. ಮನೆ ಹೆಸರು ಗ್ರೀನ್ ಹೆಡ್ಜಸ್. ಪತ್ರಿಕೆಯಲ್ಲಿ ಸ್ಪರ್ಧೆ ಇಟ್ಟು ಓದುಗ ಮಕ್ಕಳ ಕೈಲೇ ಆ ಹೆಸರು ಇಡಿಸಿದ್ದು. ನೋಡೋಣ ಅಂತ ಹೆಂಡತಿ, ಮಗನ ಜೊತೆ ಹೋದೆ. ಮನೆಯೇ ಇಲ್ಲ. 1973ರಲ್ಲಿ ಕೆಡವಿ ಬೇರೆ ಮನೆಗಳನ್ನ ಕಟ್ಟಿದ್ದಾರೆ. ರಸ್ತೆಗೆ ಬ್ಲೈಟನ್ ಕ್ಲೋಸ್ ಅಂತ ಹೆಸರು. ಅಲ್ಲಿ ಒಬ್ಬರು ಕಾರು ತೊಳೆಯುತ್ತಿದ್ದರು. ನಮ್ಮನ್ನ ನೋಡಿ ನಕ್ಕರು. ಹೀಗೆ ಬಂದು ಸುಮ್ನೆ ನಿಂತು ಹೋಗುವವರು ಅವರಿಗೆ ಹೊಸಬರಲ್ಲ ಅನ್ನಿಸಿತು.

ಆದರೆ ಅದೇ ಊರಿನಲ್ಲಿ ಬೆಕನ್‌ಸ್ಕಾಟ್ ಅಂತ ಪುಟಾಣಿ ಮಾದರಿ ಊರೊಂದಿದೆ. 1929ರಿಂದ ಇದೆ. ಸೊಂಟದೆತ್ತರದ ಚರ್ಚು, ಬೆರಳುದ್ದದ ಜನ, ಕಾಲಡಿಯಲ್ಲಿ ಓಡುವ ರೈಲು. ಬ್ಲೈಟನ್ ಆ ಜಾಗದ ಬಗ್ಗೆಯೂ ಬರೆದಿದ್ದಾರೆ. ಅಲ್ಲಿ ಗ್ರೀನ್ ಹೆಡ್ಜಸ್‌ನ ಮಾದರಿ ಇಟ್ಟಿದ್ದಾರೆ. ನಿಜವಾದ ಮನೆ ಹೋಯಿತು, ಗೊಂಬೆಮನೆ ಉಳಿಯಿತು. ಮಗ ಮೊಣಕಾಲೂರಿ ಕಿಟಕಿಯಲ್ಲಿ ಒಂದು ಕಣ್ಣಿಟ್ಟು "ಒಳಗೆ ಯಾರೂ ಇಲ್ಲ ಪಪ್ಪಾ" ಅಂದ.

ಡಾರ್ಸೆಟ್ ಕಡೆಯೂ ಒಮ್ಮೆ ಹೋಗಿದ್ದೆವು. ಆಕೆ ರಜೆಗೆ ಸ್ವಾನೇಜ್‌ಗೆ ಮತ್ತೆ ಮತ್ತೆ ಹೋಗುತ್ತಿದ್ದರು. ಅಲ್ಲೇ ಹತ್ತಿರ ಗುಡ್ಡದ ಮೇಲೆ ಕಾರ್ಫ್ ಕೋಟೆ. 17ನೇ ಶತಮಾನದ ಅಂತರ್ಯುದ್ಧದಲ್ಲಿ ಸಿಡಿಸಿದ್ದು. ಅರ್ಧ ಬಿದ್ದ ಗೋಪುರ, ಸುತ್ತ ಕಾಗೆಗಳು. ಕಿರಿನ್ ದ್ವೀಪದ ಕೋಟೆಗೆ ಇದೇ ಮೂಲ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಒಂದೇ ಬೇಜಾರು, ಕೋಟೆಯ ಸುತ್ತ ನೀರಿಲ್ಲ. ಸಮುದ್ರವನ್ನ ಆಕೆಯೇ ತಂದು ಸುರಿದುಕೊಂಡಿದ್ದಾರೆ.

ಚಾಕ್‌ಪೀಸ್

ನಾನು ಐದನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬ್ಲೈಟನ್ ಭಾಷೆ ಬಡವು ಅಂತ ಬೈಯುವವರು ಬಹಳ. ಬಿಬಿಸಿ ರೇಡಿಯೋದವರೂ 1930ರ ದಶಕದಿಂದ ಎಷ್ಟೋ ವರ್ಷ ಆಕೆಯ ಕತೆಗಳನ್ನ ಗುಣಮಟ್ಟ ಸಾಲದು ಅಂತ ದೂರ ಇಟ್ಟಿದ್ದರು. ದೇಶದ ಮಕ್ಕಳೆಲ್ಲ ಓದುವ ಲೇಖಕಿಯ ದನಿ ರೇಡಿಯೋದಲ್ಲಿ ಇಲ್ಲ!

ಒಪ್ಪುತ್ತೇನೆ, ಭಾಷೆ ಬಡವೇ. ಅದೇ ನಾಲ್ಕು ವಿಶೇಷಣ, ಅದೇ ಉದ್ಗಾರ. ಆದರೆ ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ಇಂಗ್ಲಿಷ್ ಮಾತಾಡದ ಮಕ್ಕಳೇ ಹೆಚ್ಚು. ಒಂದು ಪುಟಕ್ಕೆ ಹತ್ತು ಹೊಸ ಪದ ಬಂದರೆ ಪುಸ್ತಕ ಮುಚ್ಚಿಡುತ್ತಾರೆ. ಇಲ್ಲಿ ಎರಡೋ ಮೂರೋ ಬರುತ್ತವೆ, ಅವೂ ಮುಂದಿನ ಪುಟದಲ್ಲಿ ಮತ್ತೆ ಸಿಗುತ್ತವೆ. ದೊಡ್ಡವರು ಮೊದಲ ಅಧ್ಯಾಯದಲ್ಲೇ ಎಲ್ಲಿಗೋ ಹೊರಟುಹೋಗುತ್ತಾರೆ. ಮಕ್ಕಳಿಗೆ ಬೇಕಾದ್ದೂ ಅದೇ.

2010ರಲ್ಲಿ ಪ್ರಕಾಶಕರು ಫೇಮಸ್ ಫೈವ್ ಭಾಷೆಯನ್ನ ಹೊಸ ಕಾಲಕ್ಕೆ ತಕ್ಕಂತೆ ತಿದ್ದಿದರು. ಮದರ್, ಫಾದರ್ ಹೋಗಿ ಮಮ್, ಡ್ಯಾಡ್ ಬಂದರು. ಯಾರಿಗೂ ರುಚಿಸಲಿಲ್ಲ. 2016ರಲ್ಲಿ ಅವರೇ ಹಳೆಯದಕ್ಕೆ ಮರಳಿದರು. ನನ್ನ ಮಟ್ಟಿಗೆ ತಿದ್ದಬೇಕಾದ್ದು ಅದಲ್ಲವೇ ಅಲ್ಲ. ಪಾತ್ರೆ ತೊಳೆಯುವಾಗ ಪ್ರತಿ ಸಲವೂ ನಾಲ್ವರಲ್ಲಿ ಚಿಕ್ಕವಳಾದ ಆನ್‌ಳೇ ಯಾಕೆ ಎದ್ದು ಹೋಗುತ್ತಾಳೆ ಅಂತ ಕ್ಲಾಸಿನಲ್ಲಿ ಕೇಳಿ ನೋಡಿ. ಅರ್ಧ ಗಂಟೆ ಜಗಳ ಆಗುತ್ತದೆ. ಕೂದಲು ಕತ್ತರಿಸಿಕೊಂಡು, ಜಾರ್ಜಿನಾ ಅಂತ ಕರೆದರೆ ತಿರುಗಿಯೂ ನೋಡದ ಇನ್ನೊಬ್ಬ ಹುಡುಗಿ ಜಾರ್ಜ್ ಪರವಾಗಿ ನನ್ನ ಹುಡುಗಿಯರೆಲ್ಲ ನಿಲ್ಲುತ್ತಾರೆ. ಜಾರ್ಜ್ ಅಂದರೆ ತಾನೇ ಅಂತ ಬ್ಲೈಟನ್ ಕೊನೆಗೆ ಒಪ್ಪಿಕೊಂಡಿದ್ದರು.

ಹಳೇ ರಟ್ಟು

ಸಣ್ಣಕ್ಷರ, ನೀವು ಹೇಳಿದ್ದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯುವುದಿಲ್ಲ. ಈಗ ನೆಂಟರ ಎರಡನೇ ಮಾತಿಗೆ ಬರುತ್ತೇನೆ.

ಹ್ಯೂ ಜೊತೆಗಿನ ಮದುವೆ 1942ರಲ್ಲಿ ಮುರಿಯಿತು. ಮರುವರ್ಷ ಕೆನೆತ್ ಡ್ಯಾರೆಲ್ ವಾಟರ್ಸ್ ಅನ್ನುವ ಸರ್ಜನ್ ಜೊತೆ ಮದುವೆ. ಹ್ಯೂ, ಎನಿಡ್ ಇಬ್ಬರಿಗೆ ಎರಡು ಹೆಣ್ಣುಮಕ್ಕಳು, ಗಿಲಿಯನ್ ಮತ್ತು ಇಮೊಜೆನ್. ಡಿವೋರ್ಸ್ ಆದಮೇಲೆ ಅವರನ್ನ ನೋಡಲು ಆತನಿಗೆ ಬಿಡಲಿಲ್ಲ. 1952ರಲ್ಲಿ ಎನಿಡ್ ಓದುಗ ಮಕ್ಕಳಿಗಾಗಿ ತನ್ನ ಜೀವನ ಕತೆ ಬರೆದಾಗ ಸುಖವಾದ ಸಂಸಾರದ ಚಿತ್ರ ಕೊಟ್ಟರು. ಅದರಲ್ಲಿ ಅಪ್ಪನ ಜಾಗದಲ್ಲಿ ಕೆನೆತ್ ಇದ್ದಾನೆ. ಹ್ಯೂ ಇಲ್ಲ.

ಮೊದಲು ಹೇಳಿದ್ದು ನೆನಪಿದೆಯಾ? ಅಪ್ಪ ಊರಿಗೆ ಹೋಗಿದ್ದಾರೆ. ಅಮ್ಮ ಹೇಳಿಕೊಟ್ಟ ಪಾಠ ಮಗಳು ಮರೆಯಲಿಲ್ಲ. ಅಪ್ಪ ಸತ್ತಾಗ ಮಣ್ಣಿಗೆ ಹೋಗಲಿಲ್ಲ. 1950ರಲ್ಲಿ ಅಮ್ಮ ಸತ್ತಾಗಲೂ ಹೋಗಲಿಲ್ಲ. ಕಿರಿಮಗಳು ಇಮೊಜೆನ್ 1989ರಲ್ಲಿ ಆ ಮನೆಯ ಬಾಲ್ಯದ ಬಗ್ಗೆ ಪುಸ್ತಕ ಬರೆದರು. ತಾಯ್ತನದ ಸುಳಿವೇ ಇಲ್ಲದ ಹೆಂಗಸು, ಕಹಿಯಾದದ್ದನ್ನ ಮನಸ್ಸಿಂದ ಆಚೆ ಹಾಕುವುದರಲ್ಲಿ ಪಳಗಿದವಳು ಅಂತ ಅಮ್ಮನ ಬಗ್ಗೆ ಹೇಳಿದರು. ಹಿರಿಮಗಳು ಗಿಲಿಯನ್‌ಗೆ ಅದೇ ಅಮ್ಮ ಪ್ರೀತಿಯ, ಜೊತೆಗಿದ್ದರೆ ಹೊತ್ತು ಹೋದದ್ದೇ ತಿಳಿಯದ ಅಮ್ಮ. ಒಂದೇ ಮನೆ, ಇಬ್ಬರು ಮಕ್ಕಳು. ನಮ್ಮ ಮನೆಗಳಲ್ಲೂ ಅಣ್ಣತಮ್ಮಂದಿರನ್ನ ಅಪ್ಪನ ಬಗ್ಗೆ ಕೇಳಿ ನೋಡಿ, ಬೇರೆಬೇರೆ ಅಪ್ಪಂದಿರು ಸಿಗುತ್ತಾರೆ.

ನನಗೆ ಆಕೆ ಅರ್ಥವಾದದ್ದು ಒಂದು ನಾಯಿಯಿಂದ. ಬಾಬ್ಸ್ ಅಂತ ಅವರ ಫಾಕ್ಸ್ ಟೆರಿಯರ್. ಟೀಚರ್ಸ್ ವರ್ಲ್ಡ್ ಅನ್ನುವ ಪತ್ರಿಕೆಯಲ್ಲಿ ಬಾಬ್ಸ್ ತಾನೇ ಬರೆದಂತೆ ಮಕ್ಕಳಿಗೆ ಪತ್ರ ಬರುತ್ತಿತ್ತು. ಇವತ್ತು ತೋಟದಲ್ಲಿ ಏನು ಅಗೆದೆ, ಬೆಕ್ಕಿನ ಜೊತೆ ಏನು ಜಗಳ, ಇಂಥವು. 1935ರ ನವೆಂಬರಿನಲ್ಲಿ ಬಾಬ್ಸ್ ಸತ್ತಿತು. ಪತ್ರ ನಿಲ್ಲಲಿಲ್ಲ. ಏನೂ ಆಗಿಲ್ಲವೆಂಬಂತೆ ಬರುತ್ತಲೇ ಇತ್ತು.

ಬೇಡದ್ದಕ್ಕೆ ಬಾಗಿಲು ಹಾಕಿಕೊಳ್ಳುವ ಈ ಬುದ್ಧಿಯಿಂದಲೇ ಆ ಪುಸ್ತಕಗಳು ಹುಟ್ಟಿದ್ದು ಅಂತ ನನ್ನ ಲೆಕ್ಕ. ಯುದ್ಧದ ನಡುವೆ ತಿಂಡಿ ಬುಟ್ಟಿ, ಮುಗಿಯದ ರಜೆ, ಯಾರೂ ಸಾಯದ ಊರು. ಮಕ್ಕಳು ಮುಗಿಬಿದ್ದದ್ದು ಅದಕ್ಕೇ. ಹ್ಯೂ, ಇಮೊಜೆನ್ ನೊಂದದ್ದೂ ಅದೇ ಬಾಗಿಲ ಹೊರಗೆ. ಸಣ್ಣಕ್ಷರ ಹೇಳಿದ ಪರದೇಶಿಗಳೂ ಅಲ್ಲೇ ನಿಂತಿದ್ದಾರೆ.

ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂತು. 1967ರಲ್ಲಿ ಕೆನೆತ್ ತೀರಿಕೊಂಡರು. 1968ರ ನವೆಂಬರ್ 28ರಂದು ಲಂಡನ್ನಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಕೆಯೂ ಹೋದರು. 71 ವರ್ಷ.

ಸಣ್ಣಕ್ಷರ

ಸರಿ, ಇದು ನ್ಯಾಯದ ಮಾತು. ನಾನೂ ಸುಟ್ಟುಹಾಕಿ ಅಂದವನಲ್ಲ. 1950ರ ದಶಕದ ನಾಡಿ ಮುದ್ರಣ ಸಿಕ್ಕರೆ ದೊಡ್ಡವರ ಕಪಾಟಿನಲ್ಲಿರಲಿ. ಫೇಮಸ್ ಫೈವ್ ಓದಲಿ, ಪಕ್ಕದಲ್ಲಿ ನೀವಿರಿ, ಅಷ್ಟೇ. ರಟ್ಟಣ್ಣ, ಆ ನಾಯಿ ವಿಷಯ ನನಗೆ ಗೊತ್ತಿರಲಿಲ್ಲ.

ಶುಂಠಿ ಪೆಪ್ಪರಮೆಂಟು

ನನಗೂ ಗೊತ್ತಿರಲಿಲ್ಲ. ಇವತ್ತು ನಿದ್ದೆ ಬರಲ್ಲ.

ಕಾಫಿಪುಡಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳ ಪಕ್ಕ ಕೂತು ನಾನೂ ಓದಿದೆ. ಸಣ್ಣಕ್ಷರ ಹೇಳಿದ್ದನ್ನ ಕೇಳಿಯೇ ಬಿಟ್ಟೆ: "ಈ ಊರಿಗೆ ನಾವು ಹೋದರೆ ಇವರು ನಮ್ಮನ್ನ ಏನಂದುಕೊಳ್ತಾರೆ?" ಸ್ವಲ್ಪ ಹೊತ್ತು ಪುಟ ನೋಡಿದಳು. "ನಾವೇ ಕಳ್ಳರು ಅಂದ್ಕೋತಾರೆ. ಆದ್ರೆ ಟಿಮ್ಮಿ ನನ್ನ ಹತ್ರ ಬರುತ್ತೆ" ಅಂದಳು. ನಾಯಿ ವಿಷಯದಲ್ಲಿ ಅವಳಿಗೆ ಬಹಳ ಧೈರ್ಯ.

ಆಮೇಲೆ ಪುಸ್ತಕದ ಹಿಂದಿದ್ದ ಪಟ್ಟಿ ತೋರಿಸಿದಳು. ಒಟ್ಟು 21 ಪುಸ್ತಕ. ಮೊದಲನೇದು 1942, ಕೊನೇದು 1963 ಅಂತ ನಾನು ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದಳು. "ಅಮ್ಮ, ಮೊದಲನೇ ಪುಸ್ತಕದಲ್ಲೇ ಟಿಮ್ಮಿ ದೊಡ್ಡ ನಾಯಿ. ನಾಯಿ ಅಷ್ಟು ವರ್ಷ ಬದುಕುತ್ತಾ?" ಅಂತ ಕೇಳಿದಳು. ಹೇಳಬಾರದಿತ್ತೇನೋ, ಬಾಬ್ಸ್ ಕತೆ ಹೇಳಿಬಿಟ್ಟೆ. ಸತ್ತ ಮೇಲೂ ಪತ್ರ ಬರುತ್ತಿತ್ತಂತೆ ಅಂದೆ. ಅಳುತ್ತಾಳೇನೋ ಅಂದುಕೊಂಡರೆ ಅಳಲಿಲ್ಲ. ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು, "ಮಕ್ಕಳು ಬಾಬ್ಸ್‌ಗೆ ವಾಪಸ್ ಪತ್ರ ಬರೆದಿದ್ರೆ, ಅದನ್ನ ಯಾರು ಓದ್ತಿದ್ರು?"